ಸುಭಾಷಿಣಿ ಟೀಚರೂ ಅಡಗಿ ಕುಳಿತ ಮಕ್ಕಳೂ

ಇನ್ನಂಜೆಯ ಪುರೋಹಿತರ ಮಗಳು ಸುಭಾಷಿಣಿ ಟೀಚರು ಕಾಪುವಿನ ಕಡಲಬದಿಯ ಬ್ಯಾರಿ ಮುಸ್ಲಿಮರ ಕೇರಿಯ ಒಂದೇ ಕೋಣೆಯ ಶಾಲೆಗೆ ಬಂದು ನಾಲ್ಕು ವರ್ಷವಾಗಿತ್ತು. ಅವರ ಸ್ವರ ಎಂಥದೆಂದರೆ, ಇಲ್ಲಿ ಮಗ್ಗಿ ಹೇಳಿಸಿದರೆ ಲಕ್ಷದ್ವೀಪದ ಮಕ್ಕಳೂ ಎದ್ದು ನಿಲ್ಲುತ್ತಿದ್ದರಂತೆ. ಆದರೆ ಎಪ್ಪತ್ತಾರನೇ ಇಸವಿಯ ಮಳೆಗಾಲದಲ್ಲಿ ಆ ಸ್ವರಕ್ಕೆ ಓಗೊಡಲು ಒಂಬತ್ತೇ ಮಕ್ಕಳು ಉಳಿದರು.

ಕಾರಣ, ತುರ್ತುಪರಿಸ್ಥಿತಿಯ ಸಂತಾನಹರಣದ ಶಿಬಿರ. ಹೆತ್ತವರನ್ನು ಎಳೆದೊಯ್ಯಲು ಮಕ್ಕಳು ಹೆಚ್ಚಿದ್ದ ಮನೆಗೆ ಮೊದಲು ಜೀಪು ಬರುತ್ತದೆ, ಪಟ್ಟಿ ಕೊಡುವವರು ಟೀಚರುಗಳೇ ಎಂದು ಸುದ್ದಿ ಹಬ್ಬಿತ್ತು. ಅಂಥ ಹೊತ್ತಿನಲ್ಲಿ ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ಮಕ್ಕಳೆಷ್ಟೆಂದು ಕೇಳಿದರೆ ಯಾರು ತಾನೇ ನಿಜ ಹೇಳುತ್ತಾರೆ? ಏಳು ಮಕ್ಕಳ ತಾಯಿ ಆಯಿಶಮ್ಮ ತನಗಿನ್ನೂ ಮದುವೆಯೇ ಆಗಿಲ್ಲವೆಂದರು. ಹಾಗೆನ್ನುವಾಗ ಅವರ ಹಿಂದಿದ್ದ ಮಂಚ ಏಳು ಸಲ ಸೀನಿತು.

ಇಪ್ಪತ್ತು ಮಕ್ಕಳಾದರೂ ಇಲ್ಲದಿದ್ದರೆ ಶಾಲೆ ಮುಚ್ಚುವುದೇ ಸೈ, ಸೋಮವಾರ ಬಂದು ನೋಡುತ್ತೇನೆ ಎಂದು ಶಾಲಾ ಇನ್ಸ್‌ಪೆಕ್ಟರು ಹೇಳಿ ಹೋಗಿದ್ದರು. ಇನ್ನೊಂದು ಶಾಲೆ ಇದ್ದದ್ದು ಹೊಳೆಯಾಚೆ. ಮಳೆಗಾಲದಲ್ಲಿ ಅಲ್ಲಿಗೆ ಹೋಗಬೇಕಾದರೆ ಮಕ್ಕಳು ಮೀನಾಗಿ ಹುಟ್ಟಬೇಕಿತ್ತು.

ಶನಿವಾರ ಟೀಚರು ನಫೀಸಮ್ಮನ ಜಗಲಿ ಹತ್ತಿದರು. ಕೇರಿಯ ಅರ್ಧ ಮಕ್ಕಳಿಗೆ ಅಜ್ಜಿ ಈಕೆ. ತನ್ನ ನೆರಳನ್ನೂ ಎರಡು ಸಲ ವಿಚಾರಿಸಿಯೇ ಒಳಗೆ ಬಿಡುವ ಹೆಂಗಸು.

"ಆ ಪುಸ್ತಕದಲ್ಲಿ ಎಂತ ಉಂಟು ಟೀಚರೇ?"

ಹೆಸರು, ಹಾಜರಿ ಬಿಟ್ಟರೆ ಬೇರೇನೂ ಇಲ್ಲವೆಂದು ಟೀಚರು ಪುಸ್ತಕವನ್ನೇ ಮುಂದೆ ಹಿಡಿದರು. ನಾಲ್ಕನೇ ತರಗತಿಯ ಮೊಮ್ಮಗಳು ಆಸ್ಯಾಳನ್ನು ಮಂಚದಡಿಯಿಂದ ಎಳೆದು ತಂದು ಓದಿಸಿದ್ದಾಯಿತು. ಹೆಸರು ಮತ್ತು ಹಾಜರಿಯೇ ಇತ್ತು.

"ಇವಳಿಗೆ ಓದಲು ಕಲಿಸಿದ್ದು ನೀವೇ ಅಲ್ವಾ? ನೀವು ಹೇಳಿಕೊಟ್ಟದ್ದನ್ನೇ ಅವಳು ಹೇಳುವುದು."

ಟೀಚರು ಪುಸ್ತಕವನ್ನು ಮತ್ತೆ ಕಂಕುಳಿಗೆ ಸೇರಿಸಿದರು.

ಆಗ ನಫೀಸಮ್ಮ ತಾವೇ ಒಂದು ಪರೀಕ್ಷೆ ಇಟ್ಟರು. ಮಸ್ಕತ್ತಿನಲ್ಲಿದ್ದ ಮಗ ಅಬ್ದುಲ್ ವಹಾಬನ ಕಾಗದವನ್ನು ಪೆಟ್ಟಿಗೆಯಿಂದ ತೆಗೆದರು. ಅಂಗಡಿಯ ಲೀಲಾಧರ ಓದಿ ಹೇಳಿದ್ದು ಅವರಿಗೆ ಬಾಯಿಪಾಠವಾಗಿತ್ತು. ಟೀಚರು ಕಾಣದ ಆ ಕಾಗದದಲ್ಲಿ ಹುಡುಗಿ ಒಂದು ಮಾತು ತಪ್ಪಿದರೂ ಟೀಚರು ಬಂದ ದಾರಿ ಹಿಡಿಯಬೇಕು.

ಆಸ್ಯಾ ಬೆರಳಿಟ್ಟು ಓದಿದಳು. ಮಸ್ಕತ್ತಿನ ಬಿಸಿಲು ಸರಿ, ಕೆಮ್ಮು ವಾಸಿಯಾದದ್ದೂ ಸರಿ. ಜೊತೆಜೊತೆಗೆ ನಫೀಸಮ್ಮನ ತುಟಿಯೂ ಆಡುತ್ತಿತ್ತು. ಕೊನೆಯಲ್ಲಿ ತುಟಿ ನಿಂತಿತು, ಆಸ್ಯಾ ನಿಲ್ಲಲಿಲ್ಲ. ಮಗ ತಾಯಿಗೆ ಬರೆದಿದ್ದ ಇನ್ನೂ ಒಂದು ಸಾಲು ಓದಿದಳು.

"ಉಮ್ಮಾ, ಇನ್ನು ಲೀಲಾಧರನ ಹತ್ತಿರ ಕಾಗದ ಓದಿಸಬೇಡಿ. ನಮ್ಮ ಮನೆ ಸುದ್ದಿ ಅವನ ಅಂಗಡಿಯಲ್ಲಿ ಬೆಲ್ಲದ ಜೊತೆ ಪುಕ್ಕಟೆ ಸಿಗುತ್ತದಂತೆ."

ನಫೀಸಮ್ಮ ಮೂರು ಸಲ ಓದಿಸಿದರು. ಮೂರು ಸಲವೂ ಆ ಸಾಲು ಅಲ್ಲೇ ಇತ್ತು. ಓದಿ ಹೇಳುವಾಗ ಲೀಲಾಧರ ನುಂಗಿದ್ದು ಅದನ್ನೇ.

"ಓದುವವರು ಮನೆಯಲ್ಲೇ ಬೇಕು ಟೀಚರೇ," ಎಂದರು ಕಾಗದ ಮಡಚುತ್ತ. "ಹೊರಗಿನವರನ್ನು ನಂಬಲಿಕ್ಕಾಗುವುದಿಲ್ಲ."

ಭಾನುವಾರ ನಫೀಸಮ್ಮ ಮನೆಮನೆಗೆ ಹೋಗಿ ಹೇಳಿದ್ದರಿಂದ, ಸೋಮವಾರ ಇನ್ಸ್‌ಪೆಕ್ಟರು ಬಂದಾಗ ಶಾಲೆಯಲ್ಲಿ ಇಪ್ಪತ್ತಾರು ಮಕ್ಕಳಿದ್ದರು, ಆಯಿಶಮ್ಮನ ಮಂಚದಡಿಯ ಏಳರಲ್ಲಿ ಶಾಲೆಯ ಪ್ರಾಯದ ನಾಲ್ವರೂ ಸೇರಿ. ಶಾಲೆ ಉಳಿಯಿತು. ದಿನವಿಡೀ ಹೊಸ್ತಿಲಲ್ಲಿ ಕುಳಿತಿದ್ದ ನಫೀಸಮ್ಮ, ಸಂಜೆ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದರು. ಒಳಗೆ ಹೋದ ಇಪ್ಪತ್ತಾರೂ ಹೊರಗೆ ಬಂದದ್ದು ಖಾತ್ರಿಯಾದ ಮೇಲೂ ಟೀಚರ ಕೈಚೀಲದೊಳಗೆ ಒಮ್ಮೆ ಇಣುಕಿ ನೋಡಿದರು.