ಉಪ್ಪು ಸಕ್ಕರೆಯ ಡಾಕ್ಟರಮ್ಮ

ತಾವರಗೇರಾದ ಆ ಡಾಕ್ಟರಮ್ಮ ಔಷಧಿ ಕೊಡುವ ಮೊದಲು ಎರಡೂ ಕೈ ಎತ್ತುತ್ತಿದ್ದರು. "ಒಳಗ ಏನ್ ನಡದೈತಿ, ಮೊದ್ಲ ಅದನ್ನ ನೋಡ್ರಿ" ಎನ್ನುತ್ತಿದ್ದರು. ಆ ಕೈಗಳೇ ಒಮ್ಮೆ ಹೃದಯ, ಒಮ್ಮೆ ಶ್ವಾಸಕೋಶ ಆಗುತ್ತಿದ್ದವು.

ಅಕ್ಕನ ವರ್ಷದ ಕೂಸಿಗೆ ವಾಂತಿಭೇದಿ ಹತ್ತಿತ್ತು. ಕುಡಿದದ್ದೆಲ್ಲ ಹೊರಗೇ ಹೋಗುತ್ತದೆಂದು ಅಕ್ಕನ ಅತ್ತೆ ಅದಕ್ಕೆ ನೀರನ್ನೇ ನಿಲ್ಲಿಸಿದ್ದರು. ನಾವು ಎತ್ತಿಕೊಂಡು ಹೋದಾಗ ಕೂಸು ಬಾಯಿ ತೆರೆದು ಅಳುತ್ತಿತ್ತು, ಕಣ್ಣುಗಳು ಮಾತ್ರ ಒಣಗಿದ್ದವು.

"ಸೂಜಿ ಮಾಡ್ರಿ, ಭೇದಿ ನಿಲ್ಲಲಿ" ಎಂದರು ಅತ್ತೆ.

ಡಾಕ್ಟರಮ್ಮ ನೀರಿನಲ್ಲಿ ಉಪ್ಪು, ಸಕ್ಕರೆ ಬೆರೆತ ಓಆರ್‌ಎಸ್ ಪುಡಿ ಕದಡಿ ಅಕ್ಕನಿಗೆ ಚಮಚ ಕೊಟ್ಟರು. ಆಮೇಲೆ ಎಡಗೈಯನ್ನು ಮುಚ್ಚಿದ ಬಾಗಿಲಿನಂತೆ ಹಿಡಿದು, ಬಲಗೈಯ ಎರಡು ಬೆರಳು ಜೋಡಿಸಿ ಅದನ್ನು ತಟ್ಟಿದರು.

"ಇದು ಕರುಳಿನ ಬಾಗ್ಲ ನೋಡ್ರಿ ಯಮ್ಮಾ. ಉಪ್ಪು, ಸಕ್ರಿ ಜೋಡಿಲೆ ಬಂದ್ರ ತೆರಿತೈತಿ. ಅವುಗಳ ಬೆನ್ನ ಹತ್ತಿ ನೀರು ಒಳಗ ಹೋಗ್ತಾವ."

"ಮತ್ತ ಕಾರಿಕೊಂಡ್ರ?" ಎಂದರು ಅತ್ತೆ.

"ನಿಮ್ಮ ದಾಳಿಂಬಿ ಗಿಡಕ್ಕ ಡ್ರಿಪ್ ಹಾಕೀರಲ್ಲ, ಹಂಗ ಹನಿ ಹನಿ ಹಾಕ್ರಿ. ಒಮ್ಮಿಗೇ ಸುರೀಬ್ಯಾಡ್ರಿ."

ನಮ್ಮ ಅಡುಗೆಮನೆಯ ಎರಡು ಡಬ್ಬಿಗಳಿಗೆ ಕರುಳಿನ ದಾರಿ ಗೊತ್ತೆಂದು ನನಗೆ ತಿಳಿದದ್ದೇ ಅಂದು. ಅಕ್ಕ ಅಲ್ಲೇ ಕೂತು ಹನಿ ಹನಿಯಾಗಿ ಕುಡಿಸುತ್ತ ಹೋದಳು.

ಬಿಸಿಲು ಇಳಿಯುವ ಹೊತ್ತಿಗೆ ಕೂಸು ಚಮಚ ತಳ್ಳಿ ಮತ್ತೆ ಅತ್ತಿತು. ಅತ್ತೆ ಅದರ ಕೆನ್ನೆ ಮುಟ್ಟಿ, ಒದ್ದೆಯಾದ ಬೆರಳನ್ನು ಎಲ್ಲರಿಗೂ ತೋರಿಸಿದರು.

"ನೋಡ್ರಿ, ಕಣ್ಣಾಗ ನೀರು ಬಂದಾವ!"

ಡಾಕ್ಟರಮ್ಮ ಮತ್ತೆ ಎರಡೂ ಕೈ ಎತ್ತಿದರು. ಎಡಗೈಯ ಬಾಗಿಲನ್ನು ಮೆಲ್ಲನೆ ತೆರೆದರು.