ಫುವಾತಿನೋ ಬಿಚ್ಚಿದ ಕೀಬೋರ್ಡ್

ಸವಾಯಿ ದ್ವೀಪದ ಆ ಊರಿನಲ್ಲಿ ಚರ್ಚಿನ ಕೀಬೋರ್ಡ್ ಎಂದರೆ ಫುವಾತಿನೋ. ನುಡಿಸುವವಳೂ ಅವಳೇ, ಕೆಟ್ಟರೆ ಬಿಚ್ಚುವವಳೂ ಅವಳೇ. ರಿಪೇರಿಗೆಂದು ಹಡಗು ಹತ್ತಿಸಿ ರಾಜಧಾನಿ ಅಪಿಯಾಕ್ಕೆ ಕಳಿಸಿದರೆ ಯಾವ ಕ್ರಿಸ್‌ಮಸ್ಸಿಗೆ ಮರಳುತ್ತದೋ ದೇವರೇ ಬಲ್ಲ. ಹಾಗಾಗಿ ಒಳಗೆ ಹಲ್ಲಿ ಮೊಟ್ಟೆಯಿಟ್ಟಾಗ, ಇರುವೆ ಸಾಲುಗಟ್ಟಿದಾಗ, ಸ್ಕ್ರೂಡ್ರೈವರ್ ಹಿಡಿದು ಕೂತು ತಾನೇ ಕಲಿತಳು. ಮದುವೆಯ ಗೊಡವೆಗೆ ಹೋದವಳಲ್ಲ. ಹಾಡುವ ತಂಡವನ್ನು ನಡೆಸುತ್ತಿದ್ದವನು ಅವಳ ತಮ್ಮ ಯೆರೋಮೆ. ಆ ನಾಡಿನಲ್ಲಿ ಅಕ್ಕನ ಮಾನ ಕಾಯುವುದು ತಮ್ಮನ ಕೆಲಸ. ಅವಳೆದುರು ಒರಟು ಮಾತಾಡುವಂತಿಲ್ಲ, ಅವಳನ್ನು ಯಾರಾದರೂ ಆಡಿಕೊಂಡರೆ ಸುಮ್ಮನಿರುವಂತಿಲ್ಲ.

ಮಕ್ಕಳ ಹಬ್ಬವಾದ ಬಿಳಿ ಭಾನುವಾರ ಹತ್ತಿರ ಬಂದಾಗಲೇ ಕೀಬೋರ್ಡ್ ಕೈಕೊಟ್ಟಿತು. ನಡುವಿನ ಕೀಗಳು ಒತ್ತಿದರೆ ಮೇಲೇಳುತ್ತಿರಲಿಲ್ಲ, ಎದ್ದವು ಸ್ವರ ಹೊರಡಿಸುತ್ತಿರಲಿಲ್ಲ. ಅಂಚಿನಲ್ಲಿ ಒಣಗಿದ ಕಂದು ಕಲೆ. ಪಾದ್ರಿಯ ಹೆಂಡತಿ ತಂಡದವರನ್ನೆಲ್ಲ ಚಾಪೆಯ ಮೇಲೆ ಕೂರಿಸಿದರು.

"ಚರ್ಚಿನ ಬೀಗದ ಕೈ ಇರೋದು ಅಕ್ಕ ತಮ್ಮ ನಿಮ್ಮಿಬ್ಬರ ಹತ್ರ. ಯಾರು ಚೆಲ್ಲಿದ್ದು?"

ಯೆರೋಮೆ ಚಾಪೆ ನೋಡುತ್ತ ಹೇಳಿದ, "ಕೊನೇಲಿ ಮುಚ್ಚಿದ್ದು ಅಕ್ಕ. ಕೋಕೋ ಲೋಟ ಅಲ್ಲೇ ಇಟ್ಟಿದ್ಲೇನೋ. ಈಚೆಗೆ ಸ್ವಲ್ಪ ಮರೆವು ಅವಳಿಗೆ."

ಪಕ್ಕದ ಮನೆಯ ಲುಸಿಯಾ ಸುಮ್ಮನಿರುವ ಜಾಯಮಾನದವಳಲ್ಲ. "ಬಿಡೇ ಫುವಾತಿನೋ, ಮುಂದಿನ ವಾರ ನೀನು ಲೋಟ ಬಾರಿಸಿ, ಕೀಬೋರ್ಡಿಗೆ ಕೋಕೋ ಕುಡಿಸ್ತೀಯ."

ಎಲ್ಲರೂ ನಕ್ಕರು. ಫುವಾತಿನೋಗೆ ಮುಖವೆಲ್ಲ ಬಿಸಿಯಾಯಿತು. ಲೋಟ ಒಯ್ದ ನೆನಪೇ ಅವಳಿಗಿರಲಿಲ್ಲ. ಆದರೆ ಹೇಳುತ್ತಿರುವವನು ತಮ್ಮ. ಇದ್ದರೂ ಇರಬಹುದು ಎಂದುಕೊಂಡು ತಲೆ ತಗ್ಗಿಸಿದಳು. ಪಾದ್ರಿಯ ಹೆಂಡತಿ ಮೆಲ್ಲಗೆ, "ನಮ್ಮಣ್ಣನ ಮಗಳು ಅಪಿಯಾದಿಂದ ಬರ್ತಾಳೆ, ತನ್ನದೇ ಕೀಬೋರ್ಡ್ ತರ್ತಾಳೆ. ನೀನು ಇನ್ನು ವಿಶ್ರಾಂತಿ ತಗೋ," ಎಂದರು. ಅಷ್ಟಕ್ಕೇ ಬದುಕಿಡೀ ಕೂತ ಜಾಗ ಹೋಯಿತು.

ತಪ್ಪು ಮಾಡಿದವಳು ತಾನೇ ಸರಿಮಾಡಬೇಕೆಂದು ಅವಳು ಕೀಬೋರ್ಡನ್ನು ಮನೆಗೆ ತಂದಳು. ಶನಿವಾರ ಬೆಳಿಗ್ಗೆ ಚಾಪೆಯ ಮೇಲೆ ಬೋರಲು ಹಾಕಿ ಸ್ಕ್ರೂಗಳನ್ನು ತೆಗೆದು ತೆಂಗಿನ ಕರಟದಲ್ಲಿ ಹಾಕಿದಳು. ಕೀಗಳ ಸಾಲು ಎತ್ತಿದಾಗ ಒಳಗೆಲ್ಲ ಸಕ್ಕರೆಯ ಅಂಟು, ಹುರಿದು ಕುಟ್ಟಿದ ಕೋಕೋದ ಚರಟ. ಅದೇನು ದೊಡ್ಡ ಕಷ್ಟವಲ್ಲ. ಆದರೆ ಕೀಗಳ ಕೆಳಗಿನ ರಬ್ಬರ್ ಪಟ್ಟಿ ಎಣ್ಣೆ ಕುಡಿದು ಉಬ್ಬಿತ್ತು. ಬೆರಳಿಗೆ ಜಿಡ್ಡು ಹತ್ತಿತು. ಮೂಸಿದಳು. ಮೊಸೋಯಿ ಹೂವಿನ ವಾಸನೆ.

ಅವಳ ಕೈ ಅಲ್ಲಿಗೇ ನಿಂತಿತು. ಮಂಡಿ ನೋವಾಗಲಿ, ಜಡೆಯಾಗಲಿ, ಕಿರುಗುಟ್ಟುವ ಬಾಗಿಲಾಗಲಿ, ಆ ಊರಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆಯೇ ಮದ್ದು. ಅಂಟಿಕೊಂಡ ಕೀಗೂ ಯಾರೋ ಅದನ್ನೇ ಸುರಿದಿದ್ದರು. ಮೊಸೋಯಿ ಹಾಕಿದ ಈ ಎಣ್ಣೆಯನ್ನು ಅವಳು ಕಾಯಿಸುತ್ತಿದ್ದದ್ದು ಒಬ್ಬನಿಗೆ ಮಾತ್ರ, ಯೆರೋಮೆಯ ಮಂಡಿಗೆ.

ಅಳಲಿಲ್ಲ. ರಬ್ಬರ್ ಪಟ್ಟಿಯನ್ನು ಸೋಪಿನ ನೀರಲ್ಲಿ ತೊಳೆದು ನೆರಳಿಗೆ ಹರಡಿದಳು. ನರ್ಸಮ್ಮನಿಂದ ತಂದ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒಳಗಿನ ಸರ್ಕ್ಯೂಟ್ ಬೋರ್ಡನ್ನು ಒರೆಸಿದಳು, ಕಂದು ಬಣ್ಣ ಹೋಗುವವರೆಗೂ.

ಮಧ್ಯಾಹ್ನ ಯೆರೋಮೆ ಮೀನು ಹಿಡಿದು ಬಂದ. "ಏನಕ್ಕ, ಬದುಕುತ್ತಾ?"

"ಕೋಕೋ ಚೆಲ್ಲಿದ್ರೆ ಬದುಕುತ್ತೆ. ಎಣ್ಣೆ ಹಾಕಿದ್ದು ಯಾಕೋ?"

ಅವನು ಮೀನನ್ನು ಕೆಳಗಿಟ್ಟ.

"ಒಬ್ನೇ ಹೊಸ ಹಾಡು ನೋಡ್ತಿದ್ದೆ. ಕೈ ತಾಗಿ ಲೋಟ ಉರುಳ್ತು. ಅಂಟು ಬಿಡ್ಲಿ ಅಂತ ಎಣ್ಣೆ ಸುರಿದೆ. ನಂದು ಅಂದ್ರೆ ತಂಡದಿಂದ ತೆಗೀತಾರೆ ಅಕ್ಕ. ನಿನಗಾದ್ರೆ ಎಲ್ಲರೂ ಕ್ಷಮಿಸ್ತಾರೆ ಅಂದ್ಕೊಂಡೆ."

"ಅದಕ್ಕೆ ನನ್ನ ತಲೇಗೆ ಕಟ್ಟಿದೆ."

"ನಾಳೆ ಎಲ್ಲರೆದುರೇ ಹೇಳ್ತೀನಿ. ಆಣೆ."

ಸಂಜೆಗೆ ಒಂದೊಂದು ಕೀ ಒತ್ತಿ ನೋಡಿದಳು. ಎಲ್ಲವೂ ದನಿ ಕೊಟ್ಟವು. ಮನಸ್ಸು ತುಸು ಹಗುರಾಯಿತು. ಹೇಳುತ್ತಾನೆ ಎಂದೇ ನಂಬಿದಳು.

ಭಾನುವಾರ ಬಿಳಿ ಬಟ್ಟೆಯ ಮಕ್ಕಳು ಸಾಲಾಗಿ ಕೂತರು. ಯೆರೋಮೆ ಎದ್ದು ಗಂಟಲು ಸರಿಮಾಡಿಕೊಂಡ. "ನಮ್ಮಕ್ಕನಿಂದ ತಪ್ಪಾಯ್ತು. ತಾನೇ ಕೂತು ಸರಿಮಾಡಿದ್ದಾಳೆ. ದಯವಿಟ್ಟು ಕ್ಷಮಿಸಿ ಅವಳಿಗೇ ನುಡಿಸೋಕೆ ಬಿಡಿ."

ಪಾದ್ರಿಯ ಹೆಂಡತಿ ಅಪಿಯಾದಿಂದ ಬಂದಿದ್ದ ಅಣ್ಣನ ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಒಪ್ಪಿ ತಲೆಯಾಡಿಸಿದರು. ಲುಸಿಯಾ ಕಣ್ಣೊರೆಸಿಕೊಂಡು, "ತಮ್ಮ ಅಂದ್ರೆ ಹೀಗಿರ್ಬೇಕು," ಎಂದಳು. ಮಕ್ಕಳು ಕಾಯುತ್ತಿದ್ದರು. ಫುವಾತಿನೋ ಹೋಗಿ ಕೂತು ನುಡಿಸಿದಳು. ಒಂದು ಸ್ವರವೂ ತಪ್ಪಲಿಲ್ಲ.

ಊಟಕ್ಕೆ ಮಕ್ಕಳದೇ ಮೊದಲ ಪಂಕ್ತಿ, ದೊಡ್ಡವರು ಬಡಿಸುವವರು. ಯೆರೋಮೆ ಅಕ್ಕನಿಗೆಂದು ಒಂದು ತಟ್ಟೆ ತುಂಬಿಸಿ ತಂದ.

"ಹೇಗೂ ನಿನ್ನ ಜಾಗ ನಿಂಗೆ ಸಿಕ್ತಲ್ಲ ಅಕ್ಕ."

ಫುವಾತಿನೋ ತಟ್ಟೆ ಮುಟ್ಟಲಿಲ್ಲ. "ಅವತ್ತು ಮನೆಗೆ ಹೋಗಿ ದೇವರ ಹತ್ರ ಕ್ಷಮೆ ಕೇಳ್ದೆ ಕಣೋ. ಲೋಟ ಇಟ್ಟ ನೆನಪು ನಂಗಿರ್ಲಿಲ್ಲ. ಆದ್ರೂ ನನ್ನ ತಲೇನೇ ಕೆಟ್ಟಿರ್ಬೇಕು ಅಂದ್ಕೊಂಡೆ. ನೀನು ಸುಳ್ಳು ಹೇಳಿರ್ಬಹುದು ಅಂತ ಹೊಳೀಲೇ ಇಲ್ಲ."

ಅವನು ತಟ್ಟೆ ಹಿಡಿದೇ ನಿಂತಿದ್ದ. ಅವಳು ಎದ್ದು ಮಕ್ಕಳಿಗೆ ಬಡಿಸಲು ಹೋದಳು.