ಮಾತಾಡಬಾರದ ಆಟ

“ಆಟ ಮುಗಿಯೋವರೆಗೂ ಇಬ್ರೂ ಮಾತಾಡೋ ಹಾಗಿಲ್ಲ” ಎಂದಳು ಮಗಳು ಮೇಘನಾ. ಇವರಿಬ್ಬರಿಗೆ ಅದನ್ನು ಬೇರೆ ಹೇಳಿಕೊಡಬೇಕೇ ಎಂದು ನನಗೆ ನಗು ಬಂತು. ಅವಳ ಹಟಕ್ಕೆ ಎದುರುಬದುರು ಕೂತಿದ್ದ ನಮ್ಮ ಯಜಮಾನರೂ ಮೈದುನನೂ ಮಾತು ಬಿಟ್ಟು ವರ್ಷಗಳಾಗಿದ್ದವು. ಅಕ್ಕಿ ವ್ಯಾಪಾರ ಮಾತ್ರ ಒಟ್ಟಿಗೇ ನಡೆದಿತ್ತು. ಯಶವಂತಪುರದ ಗೋಡೌನ್ ಇವರದು, ಆರ್.ಟಿ. ನಗರದ ಅಂಗಡಿ ಅವನದು, ಆರ್ಡರೆಲ್ಲ ವಾಟ್ಸ್‌ಆ್ಯಪ್‌ನಲ್ಲಿ.

ಮೇಘನಾ ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಕಲಿತ ಆಟವದು. ಹುಣಸೆ ಬೀಜಗಳೇ ಅಕ್ಕಿ ಮೂಟೆ. ಗಿರಾಕಿಗಳ ಬೇಡಿಕೆ ಮೈದುನನಿಗಷ್ಟೇ ಗೊತ್ತು. ಅವನು ಚೀಟಿ ಬರೆದು ಕೇಳಬೇಕು, ಇವರು ಮಿಲ್ಲಿನಿಂದ, ಅಂದರೆ ಮೇಘನಾಳ ಡಬ್ಬಿಯಿಂದ, ತರಿಸಿ ಕಳಿಸಬೇಕು. ಚೀಟಿಯಲ್ಲಿ ಸಂಖ್ಯೆ ಏರುತ್ತಾ ಹೋಯಿತು, ಇವರೂ ಮಿಲ್ಲಿನಿಂದ ತರಿಸುತ್ತಾ ಹೋದರು. ಆಮೇಲೆ ಅಂಗಡಿ ತುಂಬಿ ಚೀಟಿ ಬರುವುದೇ ನಿಂತಿತು. ಇವರ ಮುಂದೆ ಬೀಜದ ಗುಡ್ಡೆ.

ಇವರಿಗೆ ತಡೆಯಲಾಗಲಿಲ್ಲ. “ಅಷ್ಟೊಂದ್ ಯಾಕೋ ಕೇಳ್ದೆ?”

“ನೀನು ಯಾವಾಗ್ಲೂ ಕೇಳಿದ್ದರಲ್ಲಿ ಅರ್ಧ ಕಳಿಸ್ತೀಯಲ್ಲಣ್ಣ, ಅದಕ್ಕೇ ಡಬಲ್ ಕೇಳೋದು.”

“ನೀನು ಡಬಲ್ ಕೇಳ್ತೀಯ ಅಂತಾನೇ ಕಣೋ ಅರ್ಧ ಕಳಿಸೋದು!”

ಇಬ್ಬರೂ ಮುಖಮುಖ ನೋಡಿಕೊಂಡು ನಕ್ಕುಬಿಟ್ಟರು.

ಈಗ ಬೆಳಗಿನ ಕಾಫಿ ಹೊತ್ತಿಗೆ ಇವರೇ ಫೋನ್ ಮಾಡಿ “ನಿನ್ನೆ ನಿಜವಾಗ್ಲೂ ಎಷ್ಟು ಮೂಟೆ ಹೋಯ್ತೋ?” ಎಂದು ಕೇಳುತ್ತಾರೆ. ಅಕ್ಕಿಯ ಮಾತು ಒಂದು ನಿಮಿಷದಲ್ಲಿ ಮುಗಿಯುತ್ತದೆ. ಕಾಫಿ ಆರಿಹೋಗುವವರೆಗೂ ಫೋನ್ ಕೆಳಗಿಡುವುದಿಲ್ಲ.